ನಡುವಿನ ಡಬ್ಬದ ಗಿಡ

ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಒಬ್ಬರಿದ್ದಾರೆ. ಟೂತ್‌ಪೇಸ್ಟ್ ಖಾರವೆಂದು ಮಕ್ಕಳ ಪೇಸ್ಟಿನಲ್ಲಿ ಹಲ್ಲುಜ್ಜುತ್ತಿದ್ದ ಮನುಷ್ಯ. ಗುಲಾಬಿ ಬಣ್ಣದ ಟ್ಯೂಬು, ಮೇಲೊಂದು ಮೊಲದ ಚಿತ್ರ, ಸ್ಟ್ರಾಬೆರಿ ರುಚಿ. ಮದುವೆಯಾದ ಹೊಸತರಲ್ಲಿ ಬಚ್ಚಲಿನ ಗೂಡಿನಲ್ಲಿ ಅದನ್ನು ಕಂಡ ಹೆಂಡತಿ, ಈ ಮನೆಯಲ್ಲಿ ತನಗೆ ಹೇಳದ ಮಗುವೊಂದಿದೆಯೇ ಎಂದು ದಿನವಿಡೀ ಅನುಮಾನದಿಂದ ಓಡಾಡಿದ್ದರಂತೆ. ಸಂಜೆ ಗಂಡ ಕೆಲಸದಿಂದ ಬಂದು, ತಲೆ ತಗ್ಗಿಸಿಕೊಂಡು, "ಅದು ನಂದೇ" ಎಂದರು. ಮಗು ಅಲ್ಲ, ಪೇಸ್ಟು.

ಅವರ ಕೆಲಸ ಕನ್ನಡಕದ ಅಂಗಡಿಯಲ್ಲಿ. ಮುಂದಿನ ಗಾಜಿನ ಕಪಾಟು, ಕನ್ನಡಿ, ನಗುಮುಖದ ಮಾಲೀಕ, ಇವೆಲ್ಲ ಗಿರಾಕಿಗಳಿಗೆ. ಇವರಿರುವುದು ಪರದೆಯ ಹಿಂದಿನ ಸಣ್ಣ ಕೋಣೆಯಲ್ಲಿ. ಅಲ್ಲೊಂದು ತಿರುಗುವ ಕಲ್ಲು, ಅದರ ಮೇಲೆ ಸದಾ ತೊಟ್ಟಿಕ್ಕುವ ನೀರು. ಗಾಜಿನ ಅಂಚನ್ನು ಅದಕ್ಕೆ ಹಿಡಿದು, ಚೌಕಟ್ಟಿಗೆ ಕೂರುವಷ್ಟೇ ಉಜ್ಜಬೇಕು. ಒಂದು ಕೂದಲು ಹೆಚ್ಚು ಉಜ್ಜಿದರೆ ಗಾಜು ಬೀಳುತ್ತದೆ, ಒಂದು ಕೂದಲು ಕಡಿಮೆಯಾದರೆ ಬಿರುಕು ಬಿಡುತ್ತದೆ. ದಿನವೆಲ್ಲ ಹೀಗೆ ಅಂಚಿನಲ್ಲೇ ಬದುಕಿದ ಮನುಷ್ಯ ಸಹಜವಾಗಿಯೇ ಯಾವ ಮಾತಿನ ನಡುವೆಯೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಕಾಲಿಟ್ಟ ತಪ್ಪು ತನ್ನದೆಂಬಂತೆ ಕ್ಷಮೆ ಕೇಳುತ್ತಿದ್ದರು.

ಇವರಿಗೆ 'ಸಪ್ಪಣ್ಣ' ಎಂದು ಹೆಸರಿಟ್ಟದ್ದು ಹೆಂಡತಿಯ ತಮ್ಮ. ಅವನದು ಕಾರು ಕಲಿಸುವ ಕೆಲಸ. ಪಕ್ಕದ ಸೀಟಿನಲ್ಲಿ ಕೂತು, ಇನ್ನೊಬ್ಬರು ಓಡಿಸುವ ಗಾಡಿಗೆ ಬ್ರೇಕ್ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ವಂತ ನಾಲಿಗೆಗೆ ಮಾತ್ರ ದೇವರು ಆ ಪೆಡಲು ಕೊಟ್ಟಿರಲಿಲ್ಲ. "ಉಪ್ಪು ಖಾರ ತಿನ್ನೋ ದೇಹಕ್ಕೆ ಒಂದಿಷ್ಟು ಸಿಟ್ಟು ಸೆಡವು ಇರ್ಬೇಕು ಭಾವ. ನೀವು ಉಪ್ಪಿನವರೆಗೂ ಬಂದಿದ್ದೀರಿ, ಖಾರಕ್ಕೆ ಯಾವಾಗ ಬರ್ತೀರಿ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಹೆಸರು ಮೆಟ್ಟಿಲಿಳಿದು ಇಡೀ ಕಟ್ಟಡಕ್ಕೆ ಹರಡಿತು. ಹಾಲಿನವನೂ ಅದನ್ನೇ ಹೇಳತೊಡಗಿದ. ಸಪ್ಪಣ್ಣನವರು ನಗುತ್ತಿದ್ದರು. ನಗುವುದೊಂದನ್ನು ಬಿಟ್ಟು ಬೇರೆ ಏನು ಮಾಡಿದರೂ ಅದಕ್ಕೆ ಖಾರ ಬೇಕಾಗುತ್ತಿತ್ತು.

ಅವರಿಗೆ ನಿಜವಾಗಿ ನೋವಾದದ್ದು ಒಂದೇ ಸಲ. ಮಗಳು ಆಗ ಪ್ರಾಥಮಿಕ ಶಾಲೆಯಲ್ಲಿದ್ದಳು. ಮನೆಗೆ ಬಂದು, "ಅಪ್ಪ, ನಿನಗೆ ಯಾರ ಮೇಲೂ ಸಿಟ್ಟು ಬರಲ್ವಾ, ಅಥವಾ ಹೆದರಿಕೆನಾ?" ಎಂದು ಕೇಳಿದಳು. ಕುಚೋದ್ಯಕ್ಕಲ್ಲ, ತಿಳಿದುಕೊಳ್ಳಲಿಕ್ಕೆ.

ಮೆಣಸಿನ ಬೀಜ ಅವರ ಕೈಗೆ ಬಂದದ್ದು ಆ ವರ್ಷವೇ. ಹಡಗಿನಲ್ಲಿ ಅಡುಗೆ ಮಾಡುವವನೊಬ್ಬ ತುಳಿದು ಚಪ್ಪಟೆಯಾದ ಕನ್ನಡಕ ತಂದಿದ್ದ. ಇವರು ಅದನ್ನು ಚೌಕಟ್ಟು ಕಾಯಿಸುವ ಬಿಸಿ ಗಾಜಿನ ಮಣಿಗಳ ಪೆಟ್ಟಿಗೆಯಲ್ಲಿಟ್ಟು ಮೆತ್ತಗೆ ಮಾಡಿ, ಮೂಗಿಗೆ ಹೊಂದುವಂತೆ ಬಗ್ಗಿಸಿಕೊಟ್ಟರು. ಅವನು ಸಂತೋಷದಿಂದ ಜೇಬಿನಿಂದ ಒಂದು ಪೊಟ್ಟಣ ತೆಗೆದು, "ಒಣಗಿದ ಮೆಣಸಿನಕಾಯಿ. ಪ್ರಪಂಚದಲ್ಲಿ ಇದಕ್ಕಿಂತ ಖಾರದ್ದು ನಾನು ಕಂಡಿಲ್ಲ. ಬೀಜ ಹಾಕಿ. ಮುಟ್ಟಿದ ಕೈಯಲ್ಲಿ ಕಣ್ಣು ಮುಟ್ಕೋಬೇಡಿ" ಎಂದು ಹೇಳಿ ಹೋದ. ಕಣ್ಣಿನ ಅಂಗಡಿಯಲ್ಲಿ ನಿಂತು ಆ ಮಾತು ಹೇಳಿದ್ದರಿಂದ ಅದು ಇವರ ಮನಸ್ಸಿನಲ್ಲಿ ಉಳಿಯಿತು.

ಬೇರೆಯವರಾಗಿದ್ದರೆ ಬಿಸಾಡುತ್ತಿದ್ದರು. ಸಪ್ಪಣ್ಣನವರು ಒದ್ದೆ ಹತ್ತಿಯ ಮೇಲೆ ಬೀಜ ಹರಡಿ, ಬಟ್ಟಲು ಮುಚ್ಚಿ, ನೀರು ಕಾಯಿಸುವ ಹಂಡೆಯ ಪಕ್ಕ ಬೆಚ್ಚಗಿಟ್ಟರು. ಬೇರೆ ಬೀಜಗಳಾದರೆ ವಾರದಲ್ಲಿ ಮೊಳೆಯುತ್ತವೆ. ಇವಕ್ಕೆ ಯಾವ ಆತುರವೂ ಇರಲಿಲ್ಲ. ಹೆಂಡತಿ ಮೂರು ಸಲ ಬಟ್ಟಲನ್ನು ತೊಳೆಯಲು ಹಾಕಿದರು, ಮೂರು ಸಲವೂ ಇವರು ಪಾತ್ರೆಗಳ ನಡುವಿನಿಂದ ಕಾಪಾಡಿ ತಂದರು. ಕಾಯಿ ಬೇಕಾದವನು ಕಾಯಲೇಬೇಕು ಎಂಬುದು ಅವರು ಆಡಿದ ಏಕೈಕ ಚಾಟೂಕ್ತಿ. ಕಡೆಗೆ ಬದುಕಿದ್ದು ಮೂರು ಸಸಿ. ಗೋಡೆಗೆ ಬಳಿದು ಖಾಲಿಯಾಗಿದ್ದ ಬಣ್ಣದ ಡಬ್ಬಗಳ ತಳಕ್ಕೆ ತೂತು ಕೊರೆದು, ತಾರಸಿಯ ಗೋಡೆಯ ಪಕ್ಕ ಸಾಲಾಗಿ ನೆಟ್ಟರು. ಎಲೆ ಮುದುಡಿದರೆ ಸೋಪಿನ ನೀರು ಚಿಮುಕಿಸಿದರು. ಮಧ್ಯಾಹ್ನದ ಬಿಸಿಲಿಗೆ ಹಳೆಯ ಕಿಟಕಿ ಪರದೆ ಕಟ್ಟಿದರು. ಬಿಳಿ ಹೂವಿಗೆ ಎಲ್ಲಿಂದಲೋ ಜೇನುಹುಳುಗಳು ಬಂದವು. ಆ ಡಬ್ಬದಿಂದ ಈ ಡಬ್ಬಕ್ಕೆ, ಈ ಡಬ್ಬದಿಂದ ಆ ಡಬ್ಬಕ್ಕೆ ಅವುಗಳ ಓಡಾಟ ನೋಡುತ್ತ ಇವರು ಸಂಜೆಗಳನ್ನು ಕಳೆದರು. ಆಮೇಲೆ ಕಾಯಿ ಬಂತು. ಗಂಟು ಮೋರೆಯ, ಸುಕ್ಕು ಮೈಯ, ಹೆಬ್ಬೆರಳುದ್ದದ ಕಾಯಿ. ಹಣ್ಣಾದಾಗ ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರದಂತೆ ಕೆಂಪು.

ಒಂದು ಭಾನುವಾರ ಭಾವಮೈದ ತಾರಸಿಗೆ ಬಂದ. ಒಣಗಿಸಿದ ಬಟ್ಟೆ ತೆಗೆಯಲು ಬಂದ ನಾವು ಕೆಲವರೂ ಅಲ್ಲಿದ್ದೆವು.

"ಏನ್ ಭಾವ, ಇದು ಅಲಂಕಾರಕ್ಕಾ?"

"ಖಾರ ಅಂತೆ" ಎಂದರು ಸಪ್ಪಣ್ಣ.

"ಅಂತೆ ಅಂದ್ರೆ? ಬೆಳೆದಿರೋರು ನೀವು. ತಿಂದು ನೋಡಿಲ್ವಾ?" ಅವನು ನಮ್ಮ ಕಡೆ ತಿರುಗಿದ. "ನೋಡಿ ಸ್ವಾಮಿ, ಈಜು ಬಾರದೋರು ಬಾವಿ ತೋಡ್ಸಿದ್ದಾರೆ."

ಎಲ್ಲರೂ ನಕ್ಕರು. ಮಗಳು ಬಟ್ಟೆಯ ಬುಟ್ಟಿ ಹಿಡಿದುಕೊಂಡು ನಿಂತಿದ್ದಳು. ಅವಳೊಬ್ಬಳು ನಗಲಿಲ್ಲ. ಅಪ್ಪನನ್ನು ನೋಡುತ್ತಿದ್ದಳು.

ಸಪ್ಪಣ್ಣನವರು ಬಗ್ಗಿ, ಕೈಗೆ ಸಿಕ್ಕ ನಡುವಿನ ಡಬ್ಬದಿಂದ ಒಂದು ಹಣ್ಣು ಕಿತ್ತರು. ಭಾವಮೈದನೂ ಸುಮ್ಮನಿರುವ ಜಾತಿಯಲ್ಲ. ಕೊನೆಯ ಡಬ್ಬದಿಂದ ಒಂದನ್ನು ಕಿತ್ತ. "ಒಟ್ಟಿಗೆ" ಎಂದ. ಇಬ್ಬರೂ ಬಾಯಿಗೆ ಹಾಕಿಕೊಂಡರು.

ಆ ಕ್ಷಣದಲ್ಲಿ ಸಪ್ಪಣ್ಣನವರು ತಾನು ಸಾಯುತ್ತೇನೆಂದೇ ನಂಬಿದ್ದರು. ಇದನ್ನು ಅವರೇ ಬಹಳ ಕಾಲದ ಮೇಲೆ ಹೇಳಿದ್ದು. ಕಣ್ಣು ಮುಚ್ಚಿ, ಗೋಡೆ ಹಿಡಿದು, ಅಗಿದರು. ಹೂವಿನಂಥ ಒಂದು ಪರಿಮಳ ಬಂತು. ಆಮೇಲೆ ಸೌತೆಕಾಯಿಯಂಥದೇನೋ. ಆಮೇಲೆ ಏನೂ ಇಲ್ಲ. ಉರಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದರು. ಬರಲಿಲ್ಲ. ಕಣ್ಣು ತೆರೆದಾಗ ಭಾವಮೈದ ನೆಲದ ಮೇಲಿದ್ದ. ಅವನ ಮುಖ ತಾನು ತಿಂದ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಲ್ಲಿಯ ಕೆಳಗೆ ನಾಲಿಗೆ ಚಾಚಿ, ಕಲಿಯಲು ಬಂದವರು ಗೇರು ತಪ್ಪಿಸಿದಾಗ ಗಾಡಿ ಮಾಡುವ ಸದ್ದುಗಳನ್ನು ಮಾಡುತ್ತಿದ್ದ. ಮೊದಲ ಬಾರಿಗೆ ಆ ಬಾಯಿಗೆ ಬ್ರೇಕ್ ಬಿದ್ದಿತ್ತು.

"ಅಪ್ಪನಿಗೆ ಏನೂ ಆಗ್ಲಿಲ್ಲ" ಎಂದಳು ಮಗಳು, ಮೆಲ್ಲಗೆ. ಬುಟ್ಟಿ ಕೆಳಗಿಟ್ಟು ಬಂದು ಅಪ್ಪನ ಪಕ್ಕ ನಿಂತಳು. ಅವಳ ಕಣ್ಣಿನಲ್ಲಿದ್ದ ಬೆಳಕನ್ನು ಆ ಮನುಷ್ಯ ಅದುವರೆಗೆ ಯಾರ ಕಣ್ಣಿನಲ್ಲೂ ಕಂಡಿರಲಿಲ್ಲ. ದಿನವೂ ಕಣ್ಣುಗಳಿಗಾಗಿಯೇ ದುಡಿದರೂ.

ಸತ್ಯ ತಿಳಿದದ್ದು ಮರುದಿನ. ಬೆಳಗ್ಗೆ ಒಬ್ಬರೇ ತಾರಸಿಗೆ ಹೋಗಿ ಕೊನೆಯ ಡಬ್ಬದ ಹಣ್ಣನ್ನು ಉಗುರಿನಿಂದ ಗೀರಿ ನಾಲಿಗೆಗೆ ಮುಟ್ಟಿಸಿಕೊಂಡರು. ಮುಂದಿನ ಹೊತ್ತನ್ನು ನೀರಿನ ಟ್ಯಾಂಕಿನ ಹಿಂದೆ ಕೂತು, ಟವೆಲು ಕಚ್ಚಿಕೊಂಡು ಕಳೆದರು. ಮೊದಲ ಡಬ್ಬದ್ದೂ ಹಾಗೆಯೇ. ನಡುವಿನದು ಮಾತ್ರ ನೋಡಲು ಅವುಗಳ ಅವಳಿ, ತಿನ್ನಲು ಸೌತೆಕಾಯಿಯ ತಂಗಿ. ಪೊಟ್ಟಣದಲ್ಲಿ ಅದು ಹೇಗೆ ಸೇರಿತ್ತೋ. ಖಾರದವರ ವಂಶದಲ್ಲೊಂದು ಸಪ್ಪೆ ಹುಟ್ಟಿತ್ತು. ಕಾಣದ ಕೈಯೊಂದು ಅದನ್ನು ಹುಡುಕಿ ಅವರ ಕೈಗೇ ಕೊಟ್ಟಿತ್ತು.

ಕೆಳಗಿಳಿದು ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಇಳಿದರು. ಮೆಟ್ಟಿಲಲ್ಲಿ ಹಾಲಿನವನು ಸಿಕ್ಕಿ, "ನಮಸ್ಕಾರ ಉರಿಯಣ್ಣ" ಎಂದ.

ಅಲ್ಲಿಂದ ಮುಂದೆ ಅವರು ಉರಿಯಣ್ಣ. ಬಂದ ನೆಂಟರೆದುರು ಒಂದು ಹಣ್ಣು ತಿಂದು ತೋರಿಸುವುದು ಅವರ ಪಾಲಿನ ಕೆಲಸವಾಯಿತು; ಅತಿಥಿಗಳಿಗೆ ಅಕ್ಕಪಕ್ಕದ ಡಬ್ಬ, ಅವರಿಗೆ ನಡುವಿನದು. ಬಸ್ಸಿನಲ್ಲಿ ಕಾಲು ತುಳಿದವರನ್ನು ಒಮ್ಮೆ ದುರುಗುಟ್ಟಿ ನೋಡಿದರಂತೆ. ಅಂಗಡಿಯ ಮಾಲೀಕ ಪರದೆ ಸರಿಸಿ, ಗಿರಾಕಿಗಳಿಗೆ ಇವರನ್ನು ತೋರಿಸುತ್ತಿದ್ದ. ಕಣ್ಣಿಗೆ ಗಾಜು ಕೂರಿಸುವ ವೃತ್ತಿಯವನಾಗಿ ಜನರ ಕಣ್ಣಿಗೆ ಮಣ್ಣೆರಚುತ್ತಿದ್ದೇನಲ್ಲ ಎಂದು ಅವರಿಗೆ ಅನ್ನಿಸದೆ ಇರಲಿಲ್ಲ. ತಿರುಗುವ ಕಲ್ಲಿನ ಎದುರು ಕೂತಾಗ, ಯಾರೂ ಇಲ್ಲದಾಗ, ಸುಮ್ಮನೆ ಕಿವಿ ಬಿಸಿಯಾಗುತ್ತಿತ್ತು. ಖಾರ ತಿನ್ನದವನಿಗೆ ಸಿಕ್ಕ ಖಾರ ಅಷ್ಟೇ.

ಮೊಲದ ಪೇಸ್ಟು ಹೋಯಿತು. ಉರಿಯಣ್ಣನ ಬಚ್ಚಲಿನಲ್ಲಿ ಮೊಲ ಇರುವುದುಂಟೇ? ದೊಡ್ಡವರ ಪುದೀನದ ಪೇಸ್ಟು ತಂದರು. ದಿನವೂ ಬೆಳಗ್ಗೆ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟುಕೊಂಡು, ಕಣ್ಣೀರು ಸುರಿಸುತ್ತ ಹಲ್ಲುಜ್ಜಿದರು. ಹೊರಗೆ ಬಂದಾಗ ಹೆಂಡತಿ, "ಏನ್ರೀ, ಕಣ್ಣು ಕೆಂಪಗಿದೆ?" ಎಂದರೆ, "ನಿದ್ದೆ" ಎನ್ನುತ್ತಿದ್ದರು. ಆಕೆ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. "ಆ ವಿಷದ ಕಾಯಿ ನನ್ನ ಅಡುಗೆಮನೆಗೆ ಬರಕೂಡದು" ಎಂಬ ಒಂದೇ ಆಜ್ಞೆ ಹೊರಡಿಸಿ, ಅನ್ನಕ್ಕೆ ಹಿಂದಿನಂತೆಯೇ ಸಪ್ಪೆ ಸಾರು ಬಡಿಸುತ್ತಿದ್ದರು. ಹಾಗಾಗಿ ಯಾವ ಕಾಯಿ ಯಾವುದೆಂಬ ಪರೀಕ್ಷೆ ಒಲೆಯ ಮೇಲೆ ನಡೆಯಲೇ ಇಲ್ಲ.

ಇಷ್ಟೇ ಆಗಿದ್ದರೆ ಇದೊಂದು ತಮಾಷೆ. ಆದರೆ ಮಗಳು ತನಗೂ ಒಂದು ಕೊಡು ಎಂದಳು.

ಅವರು ಹೆದರಿ, ನಡುವಿನ ಡಬ್ಬದಿಂದ ಅರ್ಧ ಕೊಟ್ಟರು. ತಿಂದಳು. ಏನೂ ಆಗಲಿಲ್ಲ. "ನಂಗೂ ಏನೂ ಆಗ್ಲಿಲ್ಲ, ಅಪ್ಪ" ಎಂದಳು.

"ನಮ್ಮ ರಕ್ತ ಕಣಮ್ಮ" ಎಂದುಬಿಟ್ಟರು.

ಬಾಯಿಂದ ಬಿದ್ದ ಆ ಮಾತು ಗಿಡಕ್ಕಿಂತ ಬೇಗ ಬೆಳೆಯಿತು. ಮಗಳು ಶಾಲೆಯಲ್ಲಿ ಕೀಟಲೆ ಮಾಡಿದ ಹುಡುಗನ ಎದುರು ನಿಂತಳು. ಯಾರೂ ಹತ್ತದ ನೀರಿನ ಟ್ಯಾಂಕಿನ ಏಣಿ ಹತ್ತಿದಳು. ಹೊರಗೆಲ್ಲಾದರೂ ತಿಂದು ಕಣ್ಣಲ್ಲಿ ನೀರು ಬಂದರೆ, "ಎಣ್ಣೆ ಸರಿಯಿಲ್ಲ" ಎನ್ನುತ್ತಿದ್ದಳು. ಹಬೆಯಾಡುವ ಪಾತ್ರೆ ಹಿಡಿಯಲು ಬಟ್ಟೆ ಬೇಡವೆನ್ನುತ್ತಿದ್ದಳು. ಕಾಲೇಜು ಮುಗಿದ ಮೇಲೆ ಅಗ್ನಿಶಾಮಕ ದಳದ ಪರೀಕ್ಷೆಗೆ ಕೂತು ಪಾಸಾದಳು. ಆ ಠಾಣೆಯಲ್ಲಿ ಅವಳೊಬ್ಬಳೇ ಹೆಣ್ಣು. ಕೆಲಸದ ಆದೇಶ ಬಂದ ದಿನ ಅಪ್ಪನ ಕಾಲು ಮುಟ್ಟಿ ಹೇಳಿದಳು: "ಎಲ್ಲ ನಿನ್ನಿಂದ ಬಂದದ್ದು." ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. ವಿನಯವೆಂದು ಎಲ್ಲರೂ ತಿಳಿದರು.

ಇಷ್ಟು ವರ್ಷ ನಡುವಿನ ಗಿಡವನ್ನು ಅವರು ಉಳಿಸಿಕೊಂಡದ್ದು ಟೊಂಗೆಯಿಂದ. ಗಿಡ ಮುದಿಯಾಗುವ ಮೊದಲೇ ಒಂದು ರೆಂಬೆ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ಬೇರು ಬರಿಸಿ, ಅದೇ ಡಬ್ಬಕ್ಕೆ ನೆಡುತ್ತಿದ್ದರು. ಒಂದು ಮಳೆಗಾಲದಲ್ಲಿ ಡಬ್ಬದ ತೂತು ಕಟ್ಟಿಕೊಂಡು, ಬೇರು ಕೊಳೆತು, ಗಿಡ ಒಂದೇ ವಾರದಲ್ಲಿ ಸತ್ತಿತು. ಟೊಂಗೆ ತೆಗೆದಿರಲಿಲ್ಲ. ಕೊನೆಯ ಹಣ್ಣಿನ ಬೀಜವನ್ನೇ ಹಾಕಿದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದಿಲ್ಲವೇ. ಹೊಸ ಗಿಡ ಎದ್ದಿತು, ಹೂ ಬಿಟ್ಟಿತು, ಅದೇ ಸುಕ್ಕಿನ ಕಾಯಿ ಹಿಡಿಯಿತು. ಮೊದಲ ಹಣ್ಣುಗಳು ಕೆಂಪಾಗುತ್ತಿದ್ದ ವಾರವೇ ಇದು ನಡೆದದ್ದು.

ಆ ದಿನ ಅಂಗಡಿಗೆ ರಜೆ. ಮಧ್ಯಾಹ್ನ ಮಗಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ಸಮವಸ್ತ್ರ ಒದ್ದೆಯಾಗಿತ್ತು, ತುಟಿ ಊದಿತ್ತು. ಯಾರೊಡನೆಯೂ ಮಾತಾಡದೆ ನೇರವಾಗಿ ತಾರಸಿಗೆ ಹೋದಳು.

"ಏನಾಯ್ತಂತೆ?" ಎಂದರು ಉರಿಯಣ್ಣ.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು: "ಬೆಳಗ್ಗೆ ಹೋಗುವಾಗ ನಿಮ್ಮ ಗಿಡದಿಂದ ಒಂದಷ್ಟು ಕಿತ್ಕೊಂಡು ಹೋಗಿದ್ಲು. ಕೇಳಿದ್ದಕ್ಕೆ, ಠಾಣೆಯೋರಿಗೆ ತೋರಿಸ್ತೀನಿ ಅಂದ್ಲು."

"ಯಾವ ಡಬ್ಬದಿಂದ?"

"ನನಗೇನ್ ಗೊತ್ತು? ಎಲ್ಲಾ ಒಂದೇ ಅಲ್ವಾ?"

ಅವರು ಮೆಟ್ಟಿಲು ಹತ್ತಿದರು. ಮಗಳು ನೀರಿನ ಟ್ಯಾಂಕಿನ ನೆರಳಲ್ಲಿ, ಹಿಂದೊಮ್ಮೆ ಅವರು ಟವೆಲು ಕಚ್ಚಿ ಕೂತಿದ್ದ ಜಾಗದಲ್ಲೇ ಕೂತಿದ್ದಳು.

"ಅಪ್ಪ, ನಾನು ಕೆಲಸ ಬಿಡ್ತೀನಿ."

"ಏನಾಯ್ತು ಹೇಳು."

"ಅವರೆಲ್ಲ ಮೊದಲಿಂದ ರೇಗಿಸ್ತಾ ಇದ್ರು. ಹುಡುಗಿ, ಏಣಿ ಹತ್ತೋದೇ ಬೇರೆ, ಉರಿ ತಡ್ಕೊಳ್ಳೋದೇ ಬೇರೆ, ಅಂತ. ಉರಿನಾ, ನಮ್ಮನೇಲಿ ಅದನ್ನ ಡಬ್ಬದಲ್ಲಿ ಬೆಳೀತೀವಿ ಅಂದೆ." ಅವಳು ನಗಲು ನೋಡಿದಳು, ಊದಿದ ತುಟಿ ಒಪ್ಪಲಿಲ್ಲ. "ಇವತ್ತು ಊಟದ ಹೊತ್ತಿಗೆ ಎಲ್ಲರೆದುರಿಗೂ ಒಂದಿಡೀ ಹಣ್ಣು ಬಾಯಿಗೆ ಹಾಕ್ಕೊಂಡೆ. ಆಮೇಲೆ..."

ಆಮೇಲೆ ಏನೆಂದು ಅವರಿಗೆ ಹೇಳಬೇಕಾಗಿರಲಿಲ್ಲ.

"ಬಚ್ಚಲ ನೆಲದ ಮೇಲೆ ಬಿದ್ದಿದ್ದೆ. ವಾಂತಿ, ಬಿಕ್ಕಳಿಕೆ, ಕಣ್ಣು ಕಾಣ್ತಿಲ್ಲ. ಅಷ್ಟರಲ್ಲಿ ಗಂಟೆ ಹೊಡೀತು. ಎಲ್ಲೋ ಹತ್ತಿ ಗೋದಾಮಿಗೆ ಬೆಂಕಿ. ಎಲ್ಲರೂ ಓಡಿದ್ರು. ನನ್ನ ಹೆಲ್ಮೆಟ್ ಗಾಡೀಲೇ ಇತ್ತು. ಗಾಡಿ ಓಡಿಸೋರು, ಅವಳು ಬೇಡ, ಬಿಟ್ಟು ನಡೀರಿ, ಅಂತ ಅಂದಿದ್ದು ಕೇಳಿಸ್ತು. ಸೈರನ್ ಶಬ್ದ ದೂರ ಹೋಗೋದನ್ನ ನೆಲದ ಮೇಲೆ ಮಲಗಿ ಕೇಳಿದೆ ಅಪ್ಪ. ಒಂದಾಳು ಕಮ್ಮಿ ಇಟ್ಕೊಂಡು ಬೆಂಕಿಗೆ ಹೋದ್ರು, ನನ್ನಿಂದಾಗಿ."

"ಯಾರಿಗಾದ್ರೂ..."

"ಯಾರಿಗೂ ಏನೂ ಆಗ್ಲಿಲ್ಲ. ಅದಲ್ಲ ಮಾತು." ಅವಳು ಮಂಡಿಯೊಳಗೆ ಮುಖ ಇಟ್ಟಳು. "ಇಷ್ಟು ವರ್ಷ ತಿಂದಿದ್ದೀನಿ. ನನಗೆ ಯಾಕೆ ಹೀಗಾಯ್ತು? ನಿನಗೆ ಇವತ್ತಿಗೂ ಏನೂ ಆಗಲ್ಲ. ಒಳಗೆಲ್ಲೋ ಹೆದರಿದ್ದೀನಿ ಅಂತ ತಾನೇ ಅರ್ಥ? ಬೆಂಕಿ ಮುಂದೆ ನಿಂತಾಗಲೂ ಹೀಗೇ ಕೈಕೊಟ್ರೆ? ನಿನ್ನ ಮಗಳು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ."

ಉರಿಯಣ್ಣನವರು ನೆಲ ನೋಡಿದರು. ಅವಳು ಕೆಲಸ ಬಿಟ್ಟರೆ ಅವಳ ಜೀವಕ್ಕೆ ಅಪಾಯವಿಲ್ಲ ಎಂದು ಒಂದು ಗಳಿಗೆ ಅನ್ನಿಸಿತಂತೆ. ಹೆಸರೂ ಉಳಿಯುತ್ತದೆ, ಮಗಳೂ ಉಳಿಯುತ್ತಾಳೆ. ಹಾಗನ್ನಿಸಿದ್ದೇ ತಮ್ಮ ಬದುಕಿನ ಅತ್ಯಂತ ನಾಚಿಕೆಗೇಡಿನ ಗಳಿಗೆ ಎಂದು ಅವರು ಇವತ್ತಿಗೂ ಹೇಳುತ್ತಾರೆ.

"ನಾಚಿಕೆ ಪಡ್ಬೇಕಾದೋನು ನಾನು" ಎಂದರು. "ನಾನು ತಿಂತಾ ಇದ್ದದ್ದು ಸಪ್ಪೆ."

"ಏನು?"

"ನಡುವಿನ ಡಬ್ಬದ್ದು ಸಪ್ಪೆ ಜಾತಿ. ನೋಡೋಕೆ ಅದೇ ತರ. ನಿನಗೂ ಅದನ್ನೇ ಕೊಡ್ತಾ ಇದ್ದೆ. ನನಗೆ ಖಾರ ಅಂದ್ರೆ ಆಗಲ್ಲ. ಯಾವತ್ತೂ ಆಗಿಲ್ಲ. ನೀನು ಇವತ್ತು ತಿಂದದ್ದೇ ಮೊದಲ ಸಲ ನಿಜವಾದ್ದು."

ಮಗಳು ತಲೆಯೆತ್ತಿ ಅವರನ್ನು ನೋಡಿದಳು. ಆಮೇಲೆ ಅವರ ಕೈ ಹಿಡಿದುಕೊಂಡಳು. "ಅಪ್ಪ, ನನಗೆ ಸಮಾಧಾನ ಆಗ್ಲಿ ಅಂತ ಇಂಥ ಸುಳ್ಳು ಹೇಳ್ಬೇಡ. ನಿನ್ನ ಮರ್ಯಾದೆ ನೀನೇ ಕಳ್ಕೊಳ್ತೀಯಾ?"

ಇಷ್ಟು ವರ್ಷ ಸುಳ್ಳು ಹೇಳಿದಾಗ ಎಲ್ಲರೂ ನಂಬಿದ್ದರು. ಈಗ ನಿಜ ಹೇಳಿದರೆ ನಂಬುವವರಿಲ್ಲ.

"ಸುಳ್ಳಲ್ಲ. ತಡಿ, ತೋರಿಸ್ತೀನಿ. ನೀನೇ ತಿಂದು ನೋಡು" ಎಂದು ಎದ್ದು, ನಡುವಿನ ಡಬ್ಬದ ಹೊಸ ಗಿಡದಿಂದ ಒಂದು ಹಣ್ಣು ಕಿತ್ತರು. ಅವಳು ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಊದಿದ ತುಟಿಗೆ ಇನ್ನೊಂದು ಪರೀಕ್ಷೆ ಬೇಕಿರಲಿಲ್ಲ. "ಹಾಗಾದ್ರೆ ನನ್ನನ್ನ ನೋಡು. ಸೌತೆಕಾಯಿ ಇದು, ಬರೀ ಸೌತೆಕಾಯಿ" ಎನ್ನುತ್ತ, ಇಡೀ ಹಣ್ಣನ್ನು ಬಾಯಿಗೆ ಹಾಕಿಕೊಂಡು, ಸಪ್ಪೆಯನ್ನು ಸಾಬೀತು ಮಾಡುವ ಹುಮ್ಮಸ್ಸಿನಲ್ಲಿ ಚೆನ್ನಾಗಿ ಅಗಿದರು.

ಟೊಂಗೆ ನೆಟ್ಟರೆ ಅದೇ ಗಿಡ. ಬೀಜಕ್ಕೆ ತಾಯಿ ಯಾರೆಂದು ಗೊತ್ತು. ತಂದೆ ಯಾರೆಂದು ಗೊತ್ತಿರುವುದು ಜೇನುಹುಳುವಿಗೆ ಮಾತ್ರ. ಅಷ್ಟು ಸಂಜೆಗಳು ಆ ಡಬ್ಬದಿಂದ ಈ ಡಬ್ಬಕ್ಕೆ ಓಡಾಡಿದ ಹುಳುಗಳು ಸುಮ್ಮನೆ ಓಡಾಡಿರಲಿಲ್ಲ. ಈ ಮಗಳು ತಾಯಿಯಂತಲ್ಲ, ಪಕ್ಕದ ಡಬ್ಬದ ಅಪ್ಪನಂತೆ.

ಮೊದಲು ಪರಿಮಳ ಬಂತು. ಅವರು "ನೋಡ್ದ್ಯಾ" ಎಂದರು. 'ದ್ಯಾ' ಪೂರ್ತಿ ಹೊರಬರಲಿಲ್ಲ. ಕಿವಿಯಲ್ಲಿ ಯಾರೋ ಶಿಳ್ಳೆ ಹೊಡೆದಂತಾಯಿತು. ನಾಲಿಗೆಯ ಮೇಲೆ ಕಾದ ಮಣಿಗಳ ಪೆಟ್ಟಿಗೆಯನ್ನೇ ಬೋರಲು ಹಾಕಿದಂತಾಯಿತು. ನಲ್ಲಿ ತಿರುಗಿಸಿದರು. ಬಿಸಿಲಿಗೆ ಕಾದಿದ್ದ ಟ್ಯಾಂಕಿನ ನೀರು ಬಿಸಿಬಿಸಿಯಾಗಿ ಬಂದು ಉರಿಯನ್ನು ಗಂಟಲಿಗೂ ಹಂಚಿತು. ಕಣ್ಣೀರು ಒರೆಸಿಕೊಳ್ಳಲು ಹೋದರು, ಹಣ್ಣು ಕಿತ್ತ ಕೈಯಲ್ಲೇ. ಹಡಗಿನ ಅಡುಗೆಯವನ ಮಾತು ನೆನಪಾದದ್ದು ಬೆರಳು ಕಣ್ಣಿಗೆ ಮುಟ್ಟಿದ ಮೇಲೆ. ಕನ್ನಡಕದವರಿಗೆ ಲೋಕ ಕಾಣದಾಯಿತು. ಮೂರು ಡಬ್ಬಗಳ ಎದುರು ಅಡ್ಡ ಬಿದ್ದರು.

ಮಗಳು ಒಂದು ಕ್ಷಣ ದಂಗಾಗಿ ನಿಂತಳು. ಆಮೇಲೆ, ಅದುವರೆಗೆ ಮಂಡಿಯಲ್ಲಿ ಮುಖ ಹುದುಗಿಸಿದ್ದವಳು ಬೇರೊಬ್ಬಳಾದಳು.

"ಕೈ ಕೆಳಗೆ. ಕಣ್ಣು ಮುಟ್ಬೇಡ. ಮೂಗಲ್ಲಿ ಉಸಿರಾಡು, ಮೂಗಲ್ಲಿ. ನನ್ನ ಮಾತು ಕೇಳಿಸ್ತಿದೆಯಾ?"

ಅವರು ಬಿಕ್ಕಳಿಸಿದರು. ಅವಳು ಅವರ ಕೈ ಹಿಡಿದು ಎಳೆದು, ಬಗ್ಗಿ, ಒಂದೇ ಬೀಸಿಗೆ ಹೆಗಲ ಮೇಲೆ ಹಾಕಿಕೊಂಡಳು, ಹೊಗೆ ತುಂಬಿದ ಮನೆಯಿಂದ ಜನರನ್ನು ಹೊರತರುವ ಹಾಗೆ. ಮೆಟ್ಟಿಲು ಇಳಿದಳು. ತಿರುವಿನಲ್ಲಿ ಅವರ ತಲೆ ಗೋಡೆಗೆ ತಗಲದಂತೆ ಅಂಗೈ ಅಡ್ಡ ಹಿಡಿದಳು. ಗಲಾಟೆ ಕೇಳಿ ನಾವೆಲ್ಲ ಬಾಗಿಲು ತೆರೆದಿದ್ದೆವು. ಉರಿಯಣ್ಣನವರು ಮಗಳ ಬೆನ್ನ ಮೇಲೆ ತಲೆಕೆಳಗಾಗಿ, ಮೂಗು ಬಾಯಿ ಕಣ್ಣು ಮೂರರಲ್ಲೂ ನೀರು ಸುರಿಸುತ್ತ, ಪ್ರತಿ ಬಾಗಿಲನ್ನೂ ದಾಟಿದರು. ದುರದೃಷ್ಟಕ್ಕೆ ಭಾವಮೈದ ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬರುತ್ತಿದ್ದ.

"ಏನಾಯ್ತು? ಭಾವನಿಗೆ ಏನಾಯ್ತು?"

"ಮಾವ, ದಾರಿ ಬಿಡು" ಎಂದಳು ಮಗಳು.

"ಖಾರ" ಎಂದರು ಸಪ್ಪಣ್ಣ, ಅವಳ ಬೆನ್ನಿನಿಂದ. "ಸಪ್ಪೆ ಅಂದ್ಕೊಂಡು ತಿಂದೆ. ಯಾವಾಗ್ಲೂ ಸಪ್ಪೇನೇ ತಿಂತಿದ್ದೆ. ಎಲ್ಲರೂ ಕೇಳಿಸ್ಕೊಳ್ಳಿ. ನಾನು ಖಾರ ತಿಂದೇ ಇಲ್ಲ." ಇನ್ನೂ ಏನೋ ಹೇಳುವವರಿದ್ದರು, ಬಿಕ್ಕಳಿಕೆ ನುಂಗಿತು. ಭಾವಮೈದ ಗೋಡೆಗೊರಗಿ ದಾರಿ ಬಿಟ್ಟ. ಅವನಿಗೆ ನಗು ಬಂದಂತೆ ಕಂಡಿತು. ಆದರೆ ಅಲ್ಲಿ ನೇತಾಡುತ್ತಿದ್ದ ಮುಖ ನೋಡಿ ಅವನು ಕೂಡ ಬ್ರೇಕ್ ಹಾಕಿದ.

ಅಡುಗೆಮನೆಯಲ್ಲಿ ಕೂರಿಸಿ ತಣ್ಣನೆಯ ಹಾಲು ಕುಡಿಸಿದರು. ಮಗಳು ಅವರ ಕಣ್ಣಿಗೆ ತಣ್ಣೀರು ಹೊಯ್ಯುತ್ತಿದ್ದಳು, ಹೆಂಡತಿ ಟವೆಲು ಹಿಡಿದು ನಿಂತಿದ್ದರು. "ಟೂತ್‌ಪೇಸ್ಟಿಗೆ ಅಳೋ ಮನುಷ್ಯ" ಎಂದರು ಆಕೆ. "ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡ್ರೆ ನನಗೆ ಕೇಳಿಸಲ್ಲ ಅಂದ್ಕೊಂಡಿದ್ರು. ಏನೋ ಗಂಡಸು, ಅಳ್ಳಿ ಅಂತ ಸುಮ್ನಿದ್ದೆ." ಸಪ್ಪಣ್ಣನವರಿಗೆ ಉರಿ ಇಳಿಯುತ್ತ ಬಂತು. ಇಳಿಯದಿದ್ದರೆ ಚೆನ್ನಾಗಿತ್ತು, ಉರಿ ಇರುವಷ್ಟು ಹೊತ್ತು ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ.

ಮರುದಿನ ಬೆಳಗ್ಗೆ ಮಗಳು ಸಮವಸ್ತ್ರ ಇಸ್ತ್ರಿ ಮಾಡುತ್ತಿದ್ದಳು. ಸಪ್ಪಣ್ಣನವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

"ನಾನೂ ಬರ್ತೀನಿ. ನಿಮ್ಮ ಠಾಣೆಯೋರಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ."

"ಬೇಡ." ಅವಳು ಕಾಲರು ಒತ್ತಿದಳು. "ಡ್ಯೂಟಿಯಲ್ಲಿದ್ದಾಗ ಜಂಬಕ್ಕೆ ತಿಂದೋಳು ನಾನು. ಅದು ನಂದು, ನಾನೇ ಹೇಳ್ಕೋತೀನಿ. ಪೈಪು ತೊಳೆಯೋಕೆ ಹಾಕ್ತಾರೆ, ತೊಳೀತೀನಿ. ನಿಂದು ನೀನು ನೋಡ್ಕೋ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಬಟ್ಟೆಯ ಬುಟ್ಟಿ ಹಿಡಿದು ನಿಂತಿದ್ದ ಹುಡುಗಿಯ ಕಣ್ಣಿನ ಆ ಬೆಳಕನ್ನು ಹುಡುಕಿದರು. ಅಲ್ಲಿ ಈಗ ಇದ್ದದ್ದು ರಾತ್ರಿ ನಿದ್ದೆಯಿಲ್ಲದ, ಬೆಳೆದ ಹೆಣ್ಣಿನ ಎರಡು ಕಣ್ಣು.

ಇಸ್ತ್ರಿ ಆರಿಸಿ ಅವಳು ಕೇಳಿದಳು: "ಅಪ್ಪ, ಆ ಮೊದಲನೇ ಸಲ. ಮಾವ ಬಿದ್ದು ಒದ್ದಾಡಿದ ದಿನ. ನಿನ್ನ ಕೈಯಲ್ಲಿದ್ದದ್ದು ಸಪ್ಪೆ ಅಂತ ನಿನಗೆ ಗೊತ್ತಿತ್ತಾ?"

"ಇಲ್ಲ."

"ಖಾರ ಅಂದ್ಕೊಂಡೇ ತಿಂದ್ಯಾ?"

"ಸಾಯ್ತೀನಿ ಅಂದ್ಕೊಂಡೇ ತಿಂದೆ. ನೀನು ನೋಡ್ತಾ ಇದ್ದೆ."

ಅವಳು ಸಮವಸ್ತ್ರದ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡಳು.

"ಅಷ್ಟೇ ಸಾಕಿತ್ತಲ್ಲಪ್ಪ, ನನಗೆ" ಎಂದಳು. ಬೂಟು ಹಾಕಿಕೊಂಡು ಹೋದಳು.

ಅವರು ಚಪ್ಪಲಿ ಮೆಟ್ಟಿಕೊಂಡೇ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲಲ್ಲಿ ಹಾಲಿನವನು ಬಂದ. ಅವನಿಗೂ ಸುದ್ದಿ ಮುಟ್ಟಿರಬೇಕು. ಯಾವ ಹೆಸರಿನಲ್ಲಿ ಕರೆಯಬೇಕೆಂದು ತಿಳಿಯದೆ ತಡವರಿಸಿ, ಪಾತ್ರೆಗೆ ಹಾಲು ಸುರಿದ.

"ಸಪ್ಪಣ್ಣ ಅಂತಲೇ ಅನ್ನಪ್ಪ" ಎಂದರು ಅವರು, ಅವನ ಮುಖ ನೋಡದೆ.